ಟ್ಯಾಂಕಿ ಮುಚ್ಚಳದ ಕೆಂಪು ಬೊಟ್ಟು

"ಓಡಿಸ್ಬೇಕೋ, ಉಳಿಸ್ಬೇಕೋ?"

ಗಾಡಿ ತಂದವರು ಯಾರೇ ಆಗಲಿ, ಎರ್ರಿಸ್ವಾಮಿ ಮೊದಲು ಕೇಳುತ್ತಿದ್ದ ಮಾತು ಇದೊಂದೇ. ನಮಸ್ಕಾರ ಇಲ್ಲ, ಬಾ ಕೂಡು ಇಲ್ಲ. ಸಿರುಗುಪ್ಪ ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಹಲ್ಲಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಕೇಳುವವನು. ಓಡಿಸಬೇಕು ಅಂದರೆ ಗಾಡಿಗೆ ಜೋರು ಬರುವ ಹಾಗೆ ಇಂಜಿನ್ ತಿದ್ದುತ್ತಿದ್ದ. ಉಳಿಸಬೇಕು ಅಂದರೆ ಪೆಟ್ರೋಲ್ ಉಳಿಯುವ ಹಾಗೆ. ಎರಡೂ ಬೇಕು ಅಂದವರಿಗೆ, "ಹಂಗಾದ್ರ ಎರಡು ಗಾಡಿ ತಗಾ ಹೋಗು" ಅನ್ನುತ್ತಿದ್ದ.

ನಾನು ರಾರಾವಿಯಿಂದ ಸಿರುಗುಪ್ಪಕ್ಕೆ ದಿನಕ್ಕೆ ಎರಡು ಹೊತ್ತು ಬೈಕಿನ ಮೇಲೆ ಹಾಲಿನ ಕ್ಯಾನು ತರುತ್ತಿದ್ದವ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವ. ನನ್ನದು ಯಾವಾಗಲೂ ಉಳಿಸುವ ಪಾರ್ಟಿ. ಅವನು ಕಾರ್ಬೋರೇಟರಿನ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿ, ಒಂದು ಸುತ್ತು ಹೋಗಿ ಬಾ ಅನ್ನುವನು. ಬಂದ ಮೇಲೆ ಪ್ಲಗ್ ಬಿಚ್ಚಿ ಅದರ ಮೂತಿ ನೋಡುವನು. ಕರ್ರಗಿದ್ದರೆ, "ಹೊಟ್ಟಿಬಾಕ, ಕುಡಿದು ಕುಡಿದು ತೇಗ್ತೈತಿ." ಬೆಳ್ಳಗಿದ್ದರೆ, "ಪಾಪ, ಉಪಾಸ ಕೆಡವೀನಿ, ಮೈ ಕಾಯ್ತೈತಿ." ಬಿಸ್ಕೀಟಿನ ಬಣ್ಣ ಬಂದಾಗ ಮಾತ್ರ ನನ್ನ ಮೂಗಿನ ತನಕ ಹಿಡಿದು, "ನೋಡು ಮಾವ, ಮದುಮಗಳು!" ನೆಂಟಸ್ತಿಕೆ ಏನಿಲ್ಲ, ಸಲಿಗೆಗೆ ನನ್ನನ್ನು ಮಾವ ಅನ್ನುತ್ತಿದ್ದ.

ಒಮ್ಮೆ ಬಳ್ಳಾರಿಗೆ ಹೋದಾಗ ಅಲ್ಲಿ ಹೊಸದಾಗಿ ಬಂದಿದ್ದ ದುಬಾರಿ ಪೆಟ್ರೋಲನ್ನು ನನ್ನ ಹಾಲಿನ ಗಾಡಿಗೆ ಹಾಕಿಸಿಕೊಂಡು ಬಂದೆ. ಮಕ್ಕಳಿಗೆ ತುಪ್ಪ ಉಣಿಸಿದ ಖುಷಿ ನನಗೆ. ಎರ್ರಿಸ್ವಾಮಿ ನೆಲಕ್ಕೆ ಕೂತು ನಕ್ಕ.

"ಅದು ಶಕ್ತಿ ಅಲ್ಲ ಮಾವ, ತಾಳ್ಮಿ. ಒಳಗ ಎಷ್ಟು ಒತ್ತಿದ್ರೂ, ಕಿಡಿಯ ಬೆಂಕಿ ತನ್ನ ಹತ್ರ ಬರೋ ತನಕ ಕಾಯ್ತೈತಿ ಆ ಪೆಟ್ರೋಲು. ನಿನ್ನ ಗಾಡಿ ಎಲ್ಲಿ ಒತ್ತತೈತಿ? ಮುದುಕರ ಕೈಯಂಗ ಸವರ್ತೈತಿ. ಇದಕ್ಕ ಸಾದಾ ಪೆಟ್ರೋಲ್ ಸಾಕು. ಒತ್ತೋ ಇಂಜಿನ್ ಬ್ಯಾರೆ, ಅದಕ್ಕ ಇದೇ ಬೇಕು."

ನನ್ನ ಕಿವಿಗೆ ಬಿದ್ದದ್ದು ಅರ್ಧ. ದುಬಾರಿ ಪೆಟ್ರೋಲ್ ದಂಡ ಅನ್ನುವಷ್ಟನ್ನು ಮಾತ್ರ ಗಂಟು ಕಟ್ಟಿಕೊಂಡು ಮನೆಗೆ ಬಂದೆ.

ನನ್ನ ಮಗ ಬಸವರಾಜ ಹೊಸ ಬೈಕ್ ತಗೊಂಡಾಗ ಎರ್ರಿಸ್ವಾಮಿಯ ಪ್ರಶ್ನೆಗೆ ಎದೆ ಉಬ್ಬಿಸಿ "ಓಡಿಸ್ಬೇಕು" ಅಂದನಂತೆ. ಎರ್ರಿಸ್ವಾಮಿ ಇಂಜಿನ್ನಿನ ತಲೆ ತೇಯಿಸಿ ಒಳಗಿನ ಜಾಗ ಕಿರಿದು ಮಾಡಿದ, ಕಿಡಿ ಚೂರು ಬೇಗ ಹೊಡೆಯುವ ಹಾಗೆ ಮಾಡಿದ. ಗಾಡಿ ಕುದುರೆ ಆಯಿತು. "ಇನ್ಮ್ಯಾಲೆ ಬಳ್ಳಾರಿ ಪೆಟ್ರೋಲೇ ಹಾಕ್ಬೇಕು, ಸಾದಾದ್ದು ಮುಟ್ಟಿಸ್ಬ್ಯಾಡ" ಅಂತ ಮಗನಿಗೆ ಹೇಳಿದ್ದ. ನನಗೆ ಯಾರು ಹೇಳಬೇಕು?

ಒಂದು ಬೆಳಿಗ್ಗೆ ಮಗನ ಗಾಡಿ ಅಲುಗಾಡಿಸಿ ನೋಡಿದೆ, ಟ್ಯಾಂಕಿ ತಳ ಕಂಡಿತ್ತು. ಹುಡುಗ ದಂಡದ ಪೆಟ್ರೋಲಿಗೆ ದುಡ್ಡು ಸುರಿಯುತ್ತಾನಲ್ಲ, ಇವತ್ತೊಂದಿನ ಉಳಿಯಲಿ ಅಂತ, ಸಿರುಗುಪ್ಪದ ಬಂಕಿಗೆ ಒಯ್ದು ಸಾದಾ ಪೆಟ್ರೋಲನ್ನು ಕಂಠಮಟ್ಟ ತುಂಬಿಸಿದೆ. ಅಪ್ಪನ ಪ್ರೀತಿ. ಹೇಳಲೂ ಇಲ್ಲ. ಅವತ್ತೇ ಮಗ ಬಳ್ಳಾರಿ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಇಂಜಿನ್ ಟಿಣ್ ಟಿಣ್ ಅಂತ ಬಡಿದು, ಹಿಡಿದುಕೊಂಡು, ಹಿಂದಿನ ಗಾಲಿ ನಿಂತೇ ಹೋಯಿತು. ಮಗ ಬಿದ್ದ. ಜೀವ ಉಳಿಯಿತು, ಮೊಣಕಾಲು ಇವತ್ತಿಗೂ ಮಡಚುವುದಿಲ್ಲ.

ನಾನು ಗ್ಯಾರೇಜಿಗೆ ನುಗ್ಗಿದೆ. ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿದ್ದಂತೆ, "ನನ್ನ ಮಗನ ಕಾಲು ತಿಂದ್ಯಲ್ಲೋ ಕೊಲೆಗಾರ" ಅಂತ ಕಿರುಚಿ ಅವನ ಟೂಲ್ ಬಾಕ್ಸ್ ಎತ್ತಿ ಮೋರಿಗೆ ಎಸೆದೆ. ಅವನ ಕೈಯಲ್ಲಿ ಮಗನ ಗಾಡಿಯ ಪ್ಲಗ್ ಇತ್ತು. "ಮಾವ, ಪೆಟ್ರೋಲು..." ಅಂದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ತಿಂಗಳೊಳಗೆ ಗ್ಯಾರೇಜು ಮುಚ್ಚಿ ಕುರುಗೋಡಿಗೆ ಹೋದ ಅಂತ ಸುದ್ದಿ ಬಂತು. ಹೋಗಲಿ, ಪೀಡೆ ತೊಲಗಿತು ಅಂದೆ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಈಗ ನನ್ನ ಮೊಮ್ಮಗಳ ವಿಷಯ ಹೇಳದೆ ಇರಲಾರೆ. ಬಸವರಾಜನ ಮಗಳು ಶ್ರಾವಣಿ, ನನ್ನ ಬಂಗಾರಿ, ಬಳ್ಳಾರಿ ಕಂಟೋನ್ಮೆಂಟಿನ ಹತ್ತಿರ ರೂಮು ಮಾಡಿಕೊಂಡು ಇಂಜಿನ್ ಡಿಪ್ಲೊಮಾ ಓದಿ ಮೊನ್ನೆ ಫಸ್ಟ್ ಕ್ಲಾಸು ಪಾಸಾದಳು. ಗಾಡಿ ಷೋರೂಮಿನಲ್ಲಿ ಮೆಕ್ಯಾನಿಕ್ ಕೆಲಸವೂ ಆಯಿತು! ನೀಲಿ ಡ್ರೆಸ್ಸು ಹಾಕಿಕೊಂಡು ಮನೆ ಬಾಗಿಲಿಗೆ ಬಂದಾಗ ನನ್ನ ಸಂತೋಷ ಯಾವ ಕ್ಯಾನಿಗೂ ಹಿಡಿಸುತ್ತಿರಲಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿದೆ. ಹಂಚಿದ ಮನೆಗೇ ಮತ್ತೊಮ್ಮೆ ಹೋಗಿ ಬೈಸಿಕೊಂಡೆ. ಊಟಕ್ಕೆ ಕೂತಾಗ, "ಏನು ಕಲಿತ್ಯವ್ವ, ಈ ಹೆಡ್ಡಗೂ ತಿಳಿಯಂಗ ಹೇಳು" ಅಂದೆ.

ಕೈ ತಿರುವಿ ತಿರುವಿ ಹೇಳಿದಳು. "ಇಂಜಿನ್ ತಲಿ ತೇಯ್ಸಿದ್ರ ಒಳಗ ಒತ್ತಡ ಜಾಸ್ತಿ ಆಗ್ತೈತಿ ತಾತ. ಅದಕ್ಕ ಆಕ್ಟೇನ್ ಜಾಸ್ತಿ ಇರೋ ಪೆಟ್ರೋಲೇ ಬೇಕು. ಆಕ್ಟೇನ್ ಅಂದ್ರ ತಾಳಿಕೊಳ್ಳೋ ಗುಣ."

"ಸಾದಾದ್ದು ಹಾಕಿದ್ರ?"

"ಬೆಂಕಿ ಮುಟ್ಟೋ ಮೊದ್ಲ ಮೂಲ್ಯಾಗಿನ ಪೆಟ್ರೋಲ್ ತಾನಾಗೇ ಸಿಡಿದು ಬಡಿತೈತಿ. ಟಿಣ್ ಟಿಣ್ ಅಂತೈತಿ. ಹಂಗೇ ಜೋರು ಓಡಿಸಿದ್ರ ಪಿಸ್ಟನ್ ಸುಟ್ಟು ಹಿಡ್ಕೊಂಬಿಡ್ತೈತಿ. ಯಾಕ ತಾತ, ಉಣ್ಣು."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಎದುರಿಗೆ ಮಗ ಕಾಲು ಚಾಚಿಕೊಂಡು ಉಣ್ಣುತ್ತಿದ್ದ.

ಅವತ್ತಿನಿಂದ ಆ ಟಿಣ್ ಟಿಣ್ ಸದ್ದು ನನ್ನನ್ನು ಬಿಟ್ಟಿಲ್ಲ. ಭಾರ ಹೊತ್ತ ಬೈಕು ಏರು ಹತ್ತಿದರೆ ಸಾಕು, ನನ್ನ ಬೆನ್ನೊಳಗೆ ಯಾರೋ ಬೆರಳಿನಿಂದ ಬಡಿಯುತ್ತಾರೆ. ಗಾಡಿ ಇಲ್ಲದ ಕಡೆಯೂ ಬಡಿಯುತ್ತಾರೆ.

ಆ ಊಟದ ಮರುದಿನವೇ ಬಳ್ಳಾರಿಗೆ ಹೋಗಿ ಕುರುಗೋಡಿನ ಬಸ್ಸು ಹತ್ತಿದೆ. ತಗಡಿನ ಶೆಡ್ಡಿನ ಮುಂದೆ ಮಂಚದ ಮೇಲೆ ಕೂತಿದ್ದ ಎರ್ರಿಸ್ವಾಮಿ, ಎಲುಬಷ್ಟೇ ಉಳಿದಿದ್ದ. ಮಾತಿಗೊಮ್ಮೆ ಕೆಮ್ಮು. ನನ್ನನ್ನು ದಿಟ್ಟಿಸಿ ನೋಡಿ, "ಏನ್ ಮಾವ, ಟೂಲ್ ಬಾಕ್ಸ್ ವಾಪಸ್ ತಂದ್ಯಾ?" ಅಂದ.

ನಾನು ಅವನ ಮಂಚದ ಪಕ್ಕ ನೆಲದ ಮೇಲೆ ಕೂತೆ. "ಎರ್ರಿ, ಅವತ್ತು ಸಾದಾ ಪೆಟ್ರೋಲ್ ಹಾಕ್ಸಿದವ ನಾನು."

"ಗೊತ್ತೈತಿ. ಪ್ಲಗ್ ನೋಡಿದ್ನಲ್ಲ, ಮೈತುಂಬ ಬೆಳ್ಳಿ ಚುಕ್ಕಿ, ಪಿಸ್ಟನ್ ಕರಗಿ ಸಿಡಿದದ್ದು. ಬಂಕಿನವರೂ ಹೇಳಿದ್ರು, ನಿಮ್ಮ ಮಾವ ಬಂದಿದ್ದ ಅಂತ."

"ಮತ್ಯಾಕ ಹೇಳ್ಲಿಲ್ಲ ಲೇ?"

"ಹೇಳಿದ್ರ ನೀನು ಮಗನ ಮುಖ ಹೆಂಗ ನೋಡ್ತಿದ್ದಿ? ಒಂದ ಮನ್ಯಾಗ ಉಣ್ಣೋರು ನೀವು. ನಾನು ಹೊರಗಿನವ, ಬೈಸ್ಕೊಂಡ್ರ ನಡಿತೈತಿ." ಕೆಮ್ಮಿದ. "ತಪ್ಪು ನಂದೂ ಐತಿ ಮಾವ. ಟ್ಯಾಂಕಿ ಮ್ಯಾಲೆ ಬರೀಬೇಕಿತ್ತು. ಬರಿಯಾಕ ನನಗ ಬರಲ್ಲ, ಓದಾಕ ನಿನಗ ಅಷ್ಟಕ್ಕಷ್ಟ."

ಮಂಚದ ಕೆಳಗೆ ಕೆಂಪು ಬಣ್ಣದ ಡಬ್ಬಿ ಇತ್ತು. ಕುರುಗೋಡಿಗೆ ಬಂದ ಮೇಲೆ ತಲೆ ತೇಯಿಸಿದ ಗಾಡಿ ಯಾವುದೇ ಬರಲಿ, ಸಾದಾ ಪೆಟ್ರೋಲ್ ಹಾಕಬಾರದು ಅನ್ನುವ ಗುರುತಿಗೆ ಟ್ಯಾಂಕಿಯ ಮುಚ್ಚಳಕ್ಕೆ ಒಂದು ಕೆಂಪು ಬೊಟ್ಟು ಇಟ್ಟು ಕಳಿಸುತ್ತಿದ್ದನಂತೆ. ಅಂಥ ಬೊಟ್ಟು ನಾನೂ ಎಷ್ಟೋ ಗಾಡಿಗಳ ಮೇಲೆ ಕಂಡು, ಪೂಜೆಯ ಕುಂಕುಮ ಅಂತ ಕೈ ಮುಗಿದದ್ದುಂಟು.

ಏಳುವಾಗ ನನ್ನ ಕೈ ಹಿಡಿದು, "ಬಸವನಿಗೆ ಹೇಳ್ಬ್ಯಾಡ. ಇನ್ನೆಷ್ಟು ದಿನ ಅದೀನಿ, ತಪ್ಪು ನನ್ನ ಹೆಸರಿಗೇ ಇರ್ಲಿ ಬಿಡು" ಅಂದ.

ಹೆಚ್ಚು ದಿನ ಇರಲಿಲ್ಲ. ಸುದ್ದಿ ಬಂದಾಗ ಮಗನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಅವನ ಮನೆ ಮುಂದೆ ಸಿರುಗುಪ್ಪದ ಹಳೆ ಮಂದಿಯೂ ಕೂತಿದ್ದರು, ಅವತ್ತು ನನ್ನ ಕಿರುಚಾಟ ಕೇಳಿದವರು. ನಾನು ನಿಂತುಕೊಂಡೆ. "ಈತನ್ನ ಕೊಲೆಗಾರ ಅಂದಿದ್ದೆ. ಮಗನ ಗಾಡಿಗೆ ಸಾದಾ ಪೆಟ್ರೋಲ್ ಹಾಕ್ಸಿದವ ನಾನು. ಈತ ಪೂರ್ತಿ ಹೇಳಿದ್ದ, ನಾನು ಅರ್ಧ ಕೇಳಿದ್ದೆ." ಅಷ್ಟೇ ಬಂತು ಬಾಯಿಗೆ. ಮಗನ ಕಡೆ ತಿರುಗುವ ಧೈರ್ಯ ಆಗಲಿಲ್ಲ.

ಮಣ್ಣು ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಒಬ್ಬನೇ ಹೊರಟೆ. ಹಿಂದಿನಿಂದ ಕಾಲೆಳೆಯುವ ಸದ್ದು ಹತ್ತಿರ ಬಂತು. ಮಗ ನನ್ನ ಹೆಗಲ ಮೇಲೆ ಕೈ ಇಟ್ಟ. ನಡೆಯಲು ಆಸರೆಗೆ ಇಟ್ಟನೋ, ಬೇರೆ ಯಾತಕ್ಕೋ, ನಾನು ಕೇಳಲಿಲ್ಲ. ಅವನ ಭಾರ ಹೊತ್ತುಕೊಂಡು ಮೆಲ್ಲಗೆ ನಡೆದೆ.