ಮಂಡಪಂ ಎಂದು ನಾನು ಬರೆದ ಚಿಪ್ಪು

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕುರ್ತಾಕ್ಕೆ ಗುಂಡಿ ಹುಡುಕುತ್ತಿದ್ದೆ. ಅಂಗಡಿಯಾಕೆ ಗುಂಡಿಗಳನ್ನು ಹೊಲಿದ ಒಂದು ಕಾರ್ಡು ಮುಂದಿಟ್ಟಳು. ಸ್ವಲ್ಪ ವಾಲಿಸಿದರೆ ಹಸಿರು, ಇನ್ನೊಂದು ಕಡೆ ವಾಲಿಸಿದರೆ ಗುಲಾಬಿ.

"ಅಬಲೋನ್ ಮೇಡಂ, ಸಮುದ್ರದ ಚಿಪ್ಪು. ಪ್ಲಾಸ್ಟಿಕ್ ಅಲ್ಲ."

"ಎಲ್ಲಿನ ಸಮುದ್ರದ್ದು?" ಎಂದು ಕೇಳಿಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಗುಂಡಿ ಕೊಳ್ಳುವವರು ಕೇಳುವ ಪ್ರಶ್ನೆಯಲ್ಲ ಅದು. ನನಗೆ ಅದನ್ನು ಕಲಿಸಿದವರು ವಿಮಲಾ ಮೇಡಂ.

ಇಪ್ಪತ್ತು ವರ್ಷಗಳ ಹಿಂದೆ, ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಊರಿಗೆಲ್ಲ ಹೇಳಿ ಹೆಚ್ಚಾಗಿ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ, ಇಲ್ಲೇ ಹತ್ತಿರ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಮೇಡಂ ಒಂಟಿ. ಕಣ್ಣು ಬಹುಪಾಲು ಹೋಗಿತ್ತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿ, ಉಣ್ಣುವ ನನ್ನನ್ನೇ "ಹೇಗಿದೆ?" ಎಂದು ಕೇಳುವರು, ನಾನು ಚೆನ್ನಾಗಿದೆ ಎನ್ನುವೆ. ಸುಳ್ಳು ನನಗೆ ಅಷ್ಟು ಸಲೀಸು.

ಅವರ ಬಳಿ ಬಿಸ್ಕತ್ತಿನ ಡಬ್ಬಗಳ ತುಂಬ ಅಬಲೋನ್ ಚಿಪ್ಪುಗಳಿದ್ದವು. ನೀವು ನೋಡಿರದಿದ್ದರೆ ಹೇಳುತ್ತೇನೆ: ಒಂದು ಬಗೆಯ ಕಡಲ ಬಸವನಹುಳುವಿನ ಚಿಪ್ಪು, ಕಿವಿಯ ಆಕಾರ, ಅಂಚಿನಲ್ಲಿ ಸಾಲಾಗಿ ತೂತುಗಳು, ಹೊರಗೆ ಕಲ್ಲಿನಂತೆ ಒರಟು, ಒಳಗೆ ಮುತ್ತಿನ ಹೊಳಪು. ವರ್ಷ ವರ್ಷವೂ ವಿದ್ಯಾರ್ಥಿಗಳನ್ನು ರಾಮೇಶ್ವರ, ಮಂಡಪಂ ಕಡೆಯ ತೀರದ ಊರುಗಳಿಗೆ ಕರೆದೊಯ್ದಾಗ ಆರಿಸಿ ತಂದವು. ಕೆಲವು ಕೆಂಚು, ಕೆಲವು ಪಾಚಿಹಸಿರು. ಒಂದು ಚಪ್ಪಟೆ, ಇನ್ನೊಂದು ಉಬ್ಬು. ಇವೆಲ್ಲ ಬೇರೆ ಬೇರೆ ಜಾತಿ ಎಂದು ಅವರ ಜೊತೆಯವರೊಬ್ಬರು ವಾದಿಸಿದ್ದರಂತೆ.

"ಎಲ್ಲಾ ಒಂದೇ ಕಣೆ," ಎನ್ನುತ್ತಿದ್ದರು ಮೇಡಂ. "ತಿನ್ನೋ ಪಾಚಿ, ಬಡಿಯೋ ಅಲೆ, ಅದರ ಮೇಲೆ ರೂಪ ಬದಲಾಗತ್ತೆ. ತೀರದ ಉದ್ದಕ್ಕೂ ಊರಿನ ಪ್ರಕಾರ ಸಾಲಾಗಿ ಇಟ್ಟರೆ, ಇಲ್ಲಿಗೆ ಒಂದು ಜಾತಿ ಮುಗೀತು ಅಂತ ಎಲ್ಲೂ ಗೆರೆ ಎಳೆಯೋಕಾಗಲ್ಲ."

ಆ ಸಾಲನ್ನು ಜೋಡಿಸಿ ತಾವು ಕಲಿಸಿದ ಕಾಲೇಜಿಗೆ ಕೊಡುವುದು ಅವರ ಆಸೆ. ಪ್ರತಿ ಚಿಪ್ಪಿಗೂ ಸಿಕ್ಕ ಊರಿನ ಚೀಟಿ ಅಂಟಿಸಿದ್ದರು. ಓದಿ ಹೇಳುವುದು, ಪಟ್ಟಿ ಬರೆಯುವುದು ನನ್ನ ಕೆಲಸ.

ಪಟ್ಟಿ ಶುರುವಾಗುವ ಮೊದಲೇ, ಅವರು ಆಸ್ಪತ್ರೆಗೆ ಹೋಗಿದ್ದ ಒಂದು ಬೆಳಗ್ಗೆ, ಅವರನ್ನು ಖುಷಿಪಡಿಸೋಣವೆಂದು ಅಷ್ಟನ್ನೂ ಹುಣಸೆಹುಳಿಯಲ್ಲಿ ನೆನೆಸಿ ಹಿತ್ತಾಳೆ ದೀಪ ಬೆಳಗುವ ಹಾಗೆ ಉಜ್ಜಿದೆ. ಚಿಪ್ಪುಗಳು ಥಳಥಳ ಹೊಳೆದವು. ಚೀಟಿಗಳು ಬಚ್ಚಲಿನ ನೀರಲ್ಲಿ ಮುದ್ದೆಯಾಗಿದ್ದವು.

ಮೇಡಂ ಬಂದು ಒಂದನ್ನು ಕೈಗೆತ್ತಿಕೊಂಡರು, ಬೆರಳಾಡಿಸಿದರು.

"ಚೆನ್ನಾಗಿ ಹೊಳೀತಿದ್ಯಾ?" ಎಂದರು.

"ಹೂಂ ಮೇಡಂ."

"ನೀನಾದ್ರೂ ನೋಡು." ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ಅವರು ಬೆರಳಿನಿಂದಲೇ ಒಂದೊಂದನ್ನು ಗುರುತಿಸತೊಡಗಿದರು. ದಪ್ಪಗಿದ್ದು ಬೆನ್ನು ಸವೆದಿದ್ದರೆ ಅಲೆ ಜೋರಾಗಿರುವ ಕಡೆಯದು. ತೆಳ್ಳಗೆ, ಗೀರು ಮಾಸದೆ ಇದ್ದರೆ ಶಾಂತ ನೀರಿನದು. ಒಂದರ ಮುರಿದ ಅಂಚು ಮುಟ್ಟಿ, ಅದನ್ನು ಬೀಳಿಸಿದ ವಿದ್ಯಾರ್ಥಿನಿಯನ್ನೂ ನೆನೆದರು. ಕೊನೆಗೆ ಹನ್ನೊಂದು ಉಳಿದವು.

"ಇವು ಎಲ್ಲಿಯವೋ ಗೊತ್ತಾಗ್ತಿಲ್ಲ. ಹಾಗೇ ಬರಿ."

"ಅಂದಾಜಿಗೆ ಒಂದು ಊರು ಹೇಳಿ ಮೇಡಂ."

"ಅಂದಾಜಿಗೆ ಬರೆದರೆ ಇಡೀ ಸಾಲೇ ಸುಳ್ಳಾಗತ್ತೆ."

ಅಂದು ಅವರು ಊಟ ಮಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಸಂಜೆ, "ಬಚ್ಚಲಲ್ಲಿ ಒಂದು ಚಿಪ್ಪಿಗೆ ಅಂಟಿದ್ದ ಚೀಟಿ ಸಿಕ್ತು ಮೇಡಂ, ಮಂಡಪಂ ಅಂತಿದೆ," ಎಂದು ಹನ್ನೊಂದರಲ್ಲಿ ಒಂದನ್ನು ಅವರ ಕೈಗಿಟ್ಟೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ಮುಟ್ಟಿದರು. "ಮಂಡಪಂ ಅಂತಾನಾ? ನನಗೆ ಹಾಗನ್ನಿಸ್ಲಿಲ್ಲ. ಇರಲಿ, ನೀನು ನೋಡಿದ್ಯಲ್ಲ." ಸಾಲಿನಲ್ಲಿ ಅದಕ್ಕೆ ಜಾಗ ಮಾಡಿದರು. ಆಮೇಲೆ ಮಂಡಪಂ ತೀರದ ಮಾತೇ ಮಾತು: ನೀರು ಇಳಿದಾಗ ಮೊಣಕಾಲುದ್ದ ನಡೆಯುವುದು, ಕಲ್ಲು ಮಗುಚಿ ನೋಡುವುದು, ಮತ್ತೆ ಇದ್ದಂತೆಯೇ ಇಡುವುದು. "ಇನ್ನೊಂದ್ಸಲ ಹೋಗಿ ಕಾಲಿಗೆ ಆ ನೀರು ತಾಗಿಸ್ಕೊಂಡು ಬರಬೇಕು ಕಣೆ," ಎಂದರು.

"ನಾನು ಕರ್ಕೊಂಡು ಹೋಗ್ತೀನಿ ಮೇಡಂ."

ಹೋಗಲಿಲ್ಲ. ನನಗೆ ಕೆಲಸ ಸಿಕ್ಕಿ ಬೇರೆ ಊರು ಸೇರಿದೆ. ರಜೆ ಬಂದಾಗ ಎಂದೆ, ಮುಂದಿನ ಡಿಸೆಂಬರ್ ಎಂದೆ. ಮೂರನೇ ವರ್ಷ ಮೇಡಂ ತೀರಿಕೊಂಡರು. ಸಾಲು ಕಾಲೇಜು ಸೇರಿತ್ತು, ನನ್ನ ಸುಳ್ಳಿನ ಸಮೇತ.

ಮೊನ್ನೆ ಗುಂಡಿ ಕೊಳ್ಳದೆ ನೇರ ಆ ಕಾಲೇಜಿಗೆ ಹೋದೆ. ಚಿಕ್ಕ ವಯಸ್ಸಿನ ಅಧ್ಯಾಪಕಿಯೊಬ್ಬರು ಬೀರು ತೆರೆದರು. "ನಮ್ಮ ಹುಡುಗರು ಈಗಲೂ ಇದನ್ನೇ ನೋಡಿ ಕಲಿಯೋದು ಮೇಡಂ," ಎಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೊಟ್ಟರು. ಪಟ್ಟಿಯಲ್ಲಿ ಮಂಡಪಂ ಹೊಡೆದುಹಾಕಿ, ಆ ಚಿಪ್ಪನ್ನು ಸಾಲಿನಿಂದ ತೆಗೆದು ಊರು ಗೊತ್ತಿಲ್ಲದ ಉಳಿದ ಹತ್ತರ ಜೊತೆ ಇಟ್ಟೆ. ಖಾಲಿಯಾದ ಜಾಗ ಒಂದು ಬೆರಳಿನಷ್ಟಿತ್ತು.

ಹೊರಗೆ ಬಂದವಳು ಮೆಟ್ರೋ ಕಡೆ ಹೋಗಬೇಕಿತ್ತು. ಕಾಲು ಹಳೆಯ ರಸ್ತೆಗೆ ತಿರುಗಿತು. ಮೇಡಂಗೆ ಹೇಳಬೇಕಿತ್ತಲ್ಲ. ಅವರ ಮನೆಯಿದ್ದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ.

"ಯಾರು ಬೇಕು ಮೇಡಂ?" ಎಂದ ವಾಚ್‌ಮನ್.

"ವಿಮಲಾ ಮೇಡಂ."

ಅವನು ಮನೆಗಳ ಹೆಸರಿನ ಹಲಗೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ವಲ್ಲ ಮೇಡಂ."

ನಾನು ತಲೆಯಾಡಿಸಿದೆ. ಅವನು ಪಾಪ, ಬಿಸಿಲು ಎಂದು ತನ್ನ ಕುರ್ಚಿಯನ್ನು ನೆರಳಿಗೆಳೆದು ಕೊಟ್ಟ. ಸ್ವಲ್ಪ ಹೊತ್ತು ಕೂತೆ.