ಮುಳ್ಳಿಗೆ ಸುಳ್ಳು ಕಲಿಸಿದ್ದು

ಎಲ್ಲರ ಬಾಯಲ್ಲೂ ಸಸಿಯಕ್ಕ ಆಗಿದ್ದ ಆಕೆಗೆ ಅಪ್ಪನಿಂದ ಬಂದದ್ದು ಗಿಡ ಮಾರುವ ನರ್ಸರಿ ಮತ್ತು ಒಂದು ಹಳೇ ಪಿಕಪ್ ಗಾಡಿ. ಗಾಡಿಯ ಜೊತೆಗೆ ಅಪ್ಪನೂ ಬಂದಿದ್ದ. ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಪಕ್ಕದ ಸೀಟಿಗೆ ಜರುಗಿದ್ದನೇ ಹೊರತು ಇಳಿದಿರಲಿಲ್ಲ. ರಸ್ತೆಬದಿಯ ಬೋರ್ಡು ಕಾಣದ ಆ ಕಣ್ಣಿಗೆ ತಟ್ಟೆಯಗಲದ ಸ್ಪೀಡೋಮೀಟರು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಮುಳ್ಳು ನಲವತ್ತು ದಾಟಿತೋ, ಮುಗಿಯಿತು ಕಥೆ.

ಹಳೇ ಅಳತೆಯ ಟೈರು ಎಲ್ಲೂ ಸಿಗದೆ ಆಕೆ ಚಿಕ್ಕವನ್ನು ಹಾಕಿಸಿದಳು. ಪೀಕಲಾಟ ಶುರುವಾದದ್ದು ಅಲ್ಲಿಂದ. ಚಕ್ರ ಚಿಕ್ಕದಾದಷ್ಟೂ ಸುತ್ತು ಹೆಚ್ಚು. ಮೀಟರಿಗೆ ಪಾಪ ಗೊತ್ತಿರುವುದು ಸುತ್ತು ಎಣಿಸುವುದೊಂದೇ. ಮೂವತ್ತೆರಡರಲ್ಲಿ ತೆವಳಿದರೂ ನಲವತ್ತು ತೋರಿಸತೊಡಗಿತು.

"ಮೆಲ್ಲಗೆ! ಯಾರ ಮನೆ ಹಾಳು ಮಾಡೋಕೆ ಹೊರಟಿದ್ದೀಯ?"

"ಅಪ್ಪಾ, ಈಗಷ್ಟೇ ಒಬ್ಬ ಸೈಕಲ್‌ನೋನು ನಮ್ಮನ್ನ ದಾಟಿ ಹೋದ."

"ಅವನಿಗೆ ಹೆತ್ತೋರು ಬುದ್ಧಿ ಹೇಳಿಲ್ಲ."

ಮರುದಿನ ಆಕೆ ಒಬ್ಬಳೇ ಮೀಟರು ರಿಪೇರಿಯ ಮುಳ್ಳಣ್ಣನ ಅಂಗಡಿಗೆ ಹೋದಳು. ಗಾಡಿಯ ಕೆಳಗೆ ನುಗ್ಗಿದ ಮುಳ್ಳಣ್ಣ ಗೇರ್‌ಬಾಕ್ಸಿನ ಬುಡದಿಂದ ಮೀಟರಿನ ಕೇಬಲ್ಲು ಬಿಚ್ಚಿ, ಅದನ್ನು ತಿರುಗಿಸುವ ಗ್ರೀಸು ಮೆತ್ತಿದ ಪುಟಾಣಿ ಹಲ್ಲುಚಕ್ರವೊಂದನ್ನು ಅಂಗೈಯಲ್ಲಿಟ್ಟುಕೊಂಡು ಹೊರಬಂದ.

"ಇದಕ್ಕಿಂತ ಸ್ವಲ್ಪ ಜಾಸ್ತಿ ಹಲ್ಲಿರೋದು ಹಾಕಿದ್ರೆ ಕೇಬಲ್ಲು ನಿಧಾನ ತಿರುಗಿ ಸರಿಹೋಗುತ್ತಕ್ಕ."

"ಇನ್ನೂ ಜಾಸ್ತಿ ಹಲ್ಲಿರೋದು ಹಾಕಿದ್ರೆ?"

"ಐವತ್ತರಲ್ಲಿ ಹೋದ್ರೂ ನಲವತ್ತು ಅನ್ನುತ್ತೆ. ಯಾಕೆ?"

"ಸುಮ್ನೆ ಕೇಳ್ದೆ. ಅದನ್ನೇ ಹಾಕು."

ಮುಳ್ಳಣ್ಣ ಆಕೆಯ ಮುಖ ನೋಡಿದ, ಖಾಲಿಯಿದ್ದ ಪಕ್ಕದ ಸೀಟು ನೋಡಿದ, ಮತ್ತೆ ಗಾಡಿಯ ಕೆಳಗೆ ನುಗ್ಗಿದ.

ಆಮೇಲಿನ ದಿನಗಳಲ್ಲಿ ಅಪ್ಪನಷ್ಟು ಸುಖಿ ಯಾರೂ ಇರಲಿಲ್ಲ. ಕಿಟಕಿಗೆ ಮೊಣಕೈ ಊರಿ, ಗಾಳಿಗೆ ಮೀಸೆ ಕೊಟ್ಟು ಕೂರುತ್ತಿದ್ದ. "ಈಗ ಬುದ್ಧಿ ಬಂತು ನೋಡು. ನಲವತ್ತು ಅಂದ್ರೆ ಹಿಂಗಿರ್ಬೇಕು!" ಮಗಳು ನಗು ನುಂಗಿಕೊಂಡು ಗೇರು ಬದಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಮಾರ್ಕೆಟ್ಟು ತಲುಪಿದಾಗ ಅಪ್ಪ ಮೀಟರಿನೊಳಗಿನ ಕಿಲೋಮೀಟರಿನ ಅಂಕಿಗೆ ಮೂಗು ತಾಗಿಸಿ ನೋಡಿದ.

"ನಾನು ಓಡಿಸ್ತಿದ್ದಾಗ ಇಲ್ಲಿಗೆ ಹತ್ತೊಂಬತ್ತು ಕಿಲೋಮೀಟರಿತ್ತು. ಇವತ್ತು ಹೊರಟಾಗಿಂದ ಹದಿನೈದೇ ಏರಿದೆ. ರಸ್ತೇನ ಒಗೆದು ಒಣಗಿಸಿದ್ರಾ, ಕುಗ್ಗೋಕೆ?"

ಮಗಳು ನಾಲಿಗೆ ಕಚ್ಚಿಕೊಂಡಳು. ಮುಳ್ಳನ್ನೂ ಅಂಕಿಯನ್ನೂ ತಿರುಗಿಸುವುದು ಒಂದೇ ಕೇಬಲ್ಲು ಎಂಬುದು ಆಕೆಯ ತಲೆಗೇ ಹೊಳೆದಿರಲಿಲ್ಲ.

"ನಡಿ, ಮುಳ್ಳಣ್ಣನ ಹತ್ರ."

ಈ ಸಲ ಅಪ್ಪ ಸ್ಟೂಲು ಹಾಕಿಕೊಂಡು ಕಾವಲು ಕೂತ. ಮುಳ್ಳಣ್ಣ ತಲೆಯೆತ್ತದೆ ಸರಿಯಾದ ಹಲ್ಲುಚಕ್ರ ಕೂರಿಸಿದ. ಮೀಟರು ಚಿನ್ನದಂತಾಯಿತು.

ಮರುದಿನ ಮಗಳು ಅಪ್ಪಟ ನಲವತ್ತರಲ್ಲಿ ಹೊರಟಳು. ಅಪ್ಪ ಎದೆ ಸೆಟೆಸಿ ಕೂತಿದ್ದ. ಹಾಲಿನ ವ್ಯಾನು ದಾಟಿ ಹೋಯಿತು. ಸ್ಕೂಲ್ ಬಸ್ಸು ಹೋಯಿತು. ಹಿಂದಿನ ಕಿಟಕಿಯಿಂದ ಮಕ್ಕಳು ಟಾಟಾ ಮಾಡಿದವು. ಅಪ್ಪ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿದ.

"ಇಂಜಿನ್ನಿಗೆ ಸುಸ್ತಾ?"

"ಇಲ್ಲಪ್ಪ. ನೀನು ಹೇಳಿದ್ದ ನಲವತ್ತೇ. ನೋಡು."

ಅಪ್ಪ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿದ್ದ ಟೋಪಿ ತೆಗೆದು ಮೀಟರಿಗೆ ಹಾಕಿದ.

"ಅದರ ಗಾಜು ಕಣ್ಣಿಗೆ ಹೊಡೀತಿದೆ," ಎಂದು ಹೊರಗೆ ಮುಖ ತಿರುಗಿಸಿದ. "ಆಕ್ಸಿಲರೇಟರ್ ಸ್ವಲ್ಪ ಒತ್ತು."