ಬೋಲ್ಜಾನೋದಲ್ಲಿ ಅಜ್ಜಿ

ಹಿಮವೆಂದರೆ ನನ್ನ ಪಾಲಿಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ, ಆಗಾಗ ಕೆರೆದು ತೆಗೆಯಬೇಕಾದ ಒಂದು ಪದಾರ್ಥ. ಮಸ್ಕತ್ತಿನ ದಾರ್ಸೈಟಿನಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಅದಕ್ಕಿಂತ ಹೆಚ್ಚಿನ ಹಿಮದ ಅಗತ್ಯ ಬಿದ್ದಿರಲಿಲ್ಲ. ಕಳೆದ ವರ್ಷ ಆಲ್ಪ್ಸ್ ಪರ್ವತಗಳ ನಡುವಿನ ಬೋಲ್ಜಾನೋ ಎಂಬ ಹಳೆಯ ಊರಿಗೆ ಹೋದದ್ದೂ ಹಿಮದ ಆಸೆಯಿಂದಲ್ಲ. ಮಗಳ ಮದುವೆ ನಿಲ್ಲಿಸುವುದಕ್ಕೆ.

ನಿಲ್ಲಿಸಬೇಕೆಂದು ಹೊರಟವಳು ನನ್ನ ಹೆಂಡತಿ ಎಸ್ತರ್. ನಾನು ಸೂಟ್‌ಕೇಸ್ ಹೊರುವುದಕ್ಕೆ ಹೋದವನು.

ಮಗಳು ಶೆರಿನ್ ಮರದ ಮನೆ ಕಟ್ಟುವ ವಿದ್ಯೆ ಕಲಿಯಲು ಆ ಊರು ಸೇರಿದ್ದಳು. ಮಸ್ಕತ್ತಿನ ಬೋಳು ಬೆಟ್ಟಗಳ ನಡುವೆ ಬೆಳೆದ ಹುಡುಗಿಗೆ ಮರದ ಮೇಲೆ ಮೋಹ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯವನೇ ಆದ ಮತಿಯಾಸ್ ಎಂಬ ಹುಡುಗನ ಮೇಲೂ ಹುಟ್ಟಿತು. ಹುಡುಗನ ಬಗ್ಗೆ ಎಸ್ತರಳ ದೂರೇನೂ ಇರಲಿಲ್ಲ.

"ಒಳ್ಳೆ ಹುಡುಗನೇ ಮಾರಾಯ್ರೆ. ಆದ್ರೆ ನಾಳೆ ಅವರಿಗೊಂದು ಮಗು ಆದ್ರೆ ನಾನು ಅದರ ಹತ್ರ ಯಾವ ಭಾಷೆಯಲ್ಲಿ ಮಾತಾಡುದು?"

"ನಮ್ಮ ಮಗಳ ಹತ್ರ ಯಾವ ಭಾಷೆಯಲ್ಲಿ ಮಾತಾಡಿದ್ದು?" ಎಂದೆ. ಅಂದು ನನಗೆ ಊಟ ಬರಲಿಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಮನೆ ಮೊದಲೇ ಎಡವಟ್ಟು. ನಾನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಅವಳು ಉಡುಪಿ ಕಡೆಯ ತುಳು ಮಾತಿನ ಪ್ರಾಟೆಸ್ಟಂಟ್. ನನ್ನ ತಾಯಿ ಸೊಸೆಯೊಡನೆ ಕೊಂಕಣಿ ಬಿಟ್ಟು ಬೇರೆ ಆಡಲಿಲ್ಲ. ಸೊಸೆ ತುಳು ಬಿಟ್ಟು ಬೇರೆ ಉತ್ತರ ಕೊಡಲಿಲ್ಲ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು, ತೊಂದರೆ ಅದೇ. ನಾವಿಬ್ಬರು ರಾಜಿಯಾಗಿ ಕನ್ನಡ ಹಿಡಿದೆವು. ಟ್ಯಾಕ್ಸಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್, ಮಾಲೀಕರಿಗೆ ಸಿಟ್ಟು ಬಂದರೆ ಅರಬ್ಬಿ. ಮಗಳು ಮಾತ್ರ ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸಿ ನಿಷ್ಪಕ್ಷಪಾತವಾಗಿ ಬೆಳೆದಳು.

ಇಂಥವರಿಗೆ ಬೋಲ್ಜಾನೋ ಪರದೇಶವೆನಿಸಬಾರದಿತ್ತು. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಕೈಯಲ್ಲಿದ್ದ ಊರು, ಆಮೇಲೆ ಇಟಲಿಯ ಪಾಲಾಯಿತು. ಇಟಾಲಿಯನ್ನರಿಗೆ ಅದು ಬೋಲ್ಜಾನೋ, ಜರ್ಮನ್ ಆಡುವವರಿಗೆ ಬೋಟ್ಸನ್. ಬೀದಿಬೀದಿಗೂ ಎರಡೆರಡು ಹೆಸರು. ಕಮಾನುಗಳ ಹಳೆಯ ಅಂಗಡಿಬೀದಿಯಲ್ಲಿ ಎಸ್ತರ್ ಫಲಕವನ್ನು ನೋಡಿ ಕೇಳಿದಳು: "ಈ ರಸ್ತೆ ಆಯ್ತು, ಆ ಇನ್ನೊಂದು ಎಲ್ಲುಂಟು?"

ಮರುದಿನ ಮತಿಯಾಸನ ಮನೆಯಲ್ಲಿ ಊಟ. ಅಪ್ಪ ಯೋಸೆಫ್ ಜರ್ಮನ್ ಮಾತಿನವರು, ಅಮ್ಮ ಕಾರ್ಲಾ ಇಟಾಲಿಯನ್. ಯೋಸೆಫ್ ಬ್ರೆಡ್ಡಿನ ಕಡುಬು ಮಾಡಿದ್ದರು, ಕಾರ್ಲಾ ಪಾಸ್ತಾ. ಯಾರೂ ಒತ್ತಾಯ ಮಾಡಲಿಲ್ಲ. ನಾವು ಯಾವುದನ್ನು ಎಷ್ಟು ಬಡಿಸಿಕೊಳ್ಳುತ್ತೇವೆಂದು ಇಬ್ಬರೂ ನೋಡುತ್ತಿದ್ದರು, ಅಷ್ಟೆ. ನಾನು ಎರಡನ್ನೂ ಸಮನಾಗಿ ತಿಂದು ಬೆಲ್ಟು ಸಡಿಲಿಸಿದೆ.

ಎಸ್ತರ್ ಗಂಟಲು ಸರಿಮಾಡಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಕಾರ್ಲಾ ಏನೋ ಹೇಳಿದರು. ಶೆರಿನ್ ಇಂಗ್ಲಿಷಿಗೆ ತಿರುಗಿಸಿದಳು: "ನಮ್ಮ ಮಕ್ಕಳು ನನ್ನ ಅಮ್ಮನನ್ನು ನೊನ್ನಾ ಎನ್ನುತ್ತಿದ್ದರು, ಇವರ ಅಮ್ಮನನ್ನು ಓಮಾ. ನಾಳೆ ಮೊಮ್ಮಗು ಬಂದರೆ ನಿಮ್ಮನ್ನು ಏನೆಂದು ಕರೆಯಬೇಕು?"

ಕಡಲು ದಾಟಿ ಹೊತ್ತು ತಂದ ಪ್ರಶ್ನೆಯನ್ನು ಎದುರಿನವರೇ ಕೇಳಿಬಿಟ್ಟಿದ್ದರು. ಎಸ್ತರ್ ಎದೆಯ ಮೇಲೆ ಕೈಯಿಟ್ಟು, "ಅಜ್ಜಿ," ಎಂದಳು.

ಕಾರ್ಲಾರ ಮುಖ ಬಿಳಿಚಿತು. "ಓಜ್ಜಿ?" ಎಂದು ಶೆರಿನಳ ಹೊಟ್ಟೆ ನೋಡಿದರು. ಯೋಸೆಫ್ ಫೋರ್ಕು ಕೆಳಗಿಟ್ಟರು. ಮತಿಯಾಸ್ ಕಿವಿಯವರೆಗೆ ಕೆಂಪಾದ. ಶೆರಿನ್ ಮಾತ್ರ ಕುರ್ಚಿಯಿಂದ ಬೀಳುವಷ್ಟು ನಗತೊಡಗಿದಳು.

"ಅಮ್ಮಾ, ಇವರ ಭಾಷೆಯಲ್ಲಿ ಓಜ್ಜಿ ಅಂದ್ರೆ ಇವತ್ತು! ನೀನು ಇವತ್ತೇ ಮೊಮ್ಮಗು ಬರ್ತದೆ ಅಂದಿ ಅಂತ ಅವರಿಗೆ ಕೇಳಿಸಿದ್ದು!"

ಮಗಳ ಬಾಯಲ್ಲಿ ಅಷ್ಟುದ್ದದ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ. ಎಸ್ತರ್ ನಗುವುದನ್ನೂ ಮರೆತು ಅವಳನ್ನೇ ನೋಡಿದಳು.

ವಿಷಯ ತಿಳಿದ ಮೇಲೆ ಕಾರ್ಲಾ "ಆಜ್ಜಿ, ಆಜ್ಜಿ" ಎಂದು ಅಭ್ಯಾಸ ಶುರುಮಾಡಿದರು. ಯೋಸೆಫ್ ಅದನ್ನು "ಅಚ್ಚಿ" ಎಂದು ತಿದ್ದಿದರು. ಅಷ್ಟಕ್ಕೇ ಜಗಳ ಹತ್ತಿತು. ಅವರು ಜರ್ಮನ್‌ನಲ್ಲಿ, ಈಕೆ ಇಟಾಲಿಯನ್‌ನಲ್ಲಿ; ಒಬ್ಬರ ಮಾತು ಒಬ್ಬರಿಗೆ ಪೂರ್ತಿ ಅರ್ಥವಾಗುತ್ತಿತ್ತೆಂಬುದು ದನಿಯಿಂದಲೇ ಗೊತ್ತಾಗುತ್ತಿತ್ತು. ನಮ್ಮದೊಂದು ಪದಕ್ಕಾಗಿ ಯುರೋಪಿನಲ್ಲಿ ಇಬ್ಬರು ಹೊಡೆದಾಡುವುದನ್ನು ನಾನು ಮೊದಲ ಸಲ ಕಂಡೆ.

ಎಸ್ತರ್ ಕುರ್ಚಿಯನ್ನು ಎಳೆದು ಅವರಿಬ್ಬರ ನಡುವೆ ಹಾಕಿಕೊಂಡಳು. "ಇಬ್ಬರದ್ದೂ ಸರಿಯಿಲ್ಲ. ನನ್ನ ಬಾಯಿ ನೋಡಿ," ಎಂದಳು, ಶುದ್ಧ ಕನ್ನಡದಲ್ಲಿ. ಇಬ್ಬರೂ ನೋಡಿದರು. ಕಾಫಿ ತಣ್ಣಗಾಗುವವರೆಗೆ ಪಾಠ ನಡೆಯಿತು.

ಹೋಟೆಲಿಗೆ ನಡೆದು ಬರುವಾಗ ಅವಳು ಮದುವೆಯ ಸುದ್ದಿ ಎತ್ತಲಿಲ್ಲ. ಸೇತುವೆ ದಾಟಿದ ಮೇಲೆ, "ಆ ಗಂಡಸಿಗೆ ಜಕಾರ ಬರುದಿಲ್ಲ," ಎಂದಳು. "ಕಲಿತಾರೆ. ಆ ಹೆಂಗಸು ಬಿಡುವವಳಲ್ಲ." ಒಪ್ಪಿಗೆಯೆಂದರೆ ಅದೇ ಎಂದು ತಿಳಿದುಕೊಳ್ಳುವಷ್ಟು ಅನುಭವ ನನಗಿತ್ತು.

ದಾರ್ಸೈಟಿಗೆ ಮರಳಿದ ವಾರ ನೆರೆಮನೆಯ ಐರಿನ್ ಬಾಯಿ ಬಂದರು. "ಬೀಗರು ಯಾವ ಕಡೆಯವರು? ಜರ್ಮನ್ ಜನವಾ, ಇಟಲಿಯವರಾ?"

"ಅದು ಅವರಲ್ಲೇ ಇನ್ನೂ ತೀರ್ಮಾನ ಆಗ್ಲಿಲ್ಲ," ಎಂದಳು ಎಸ್ತರ್. "ದಿನಾ ಜಗಳ ಆಡ್ತಾರೆ. ಆದ್ರೆ ಒಂದೇ ಮೇಜಿನಲ್ಲಿ ಕೂತು ಆಡ್ತಾರೆ."